ಪಾಸಂಗ

ಬೆಳ್ಳಿ ನನ್ನ ಕೈಗೆ ಎಟುಕುವುದಲ್ಲ.
ಚಾರಮಿನಾರಿನ ಮುದ್ರೆಯ ಹಾಲಿ ಸಿಕ್ಕಾ ಎಂಟಾಣೆಗೆ
ಹೈದರಾಬಾದಿನ ಸೇಟು ಗಾಜಿನಾಚೆಯಿಂದ ಹೇಳುವ ಬೆಲೆಯಲ್ಲಿ
ನಮ್ಮ ಮನೆಗೆ ಎರಡು ತಿಂಗಳ ಜೋಳ ಬರುತ್ತದೆ.

ನನ್ನವು ಮೊನ್ನೆಮೊನ್ನೆಯವು.
ಉಕ್ಕಿನ ಐವತ್ತು ಪೈಸೆ,
ದೇಶದ ನಕಾಶೆಯೊಳಗೆ ಪಾರ್ಲಿಮೆಂಟು ಕುಂತಿರುವಂಥವು.
ಸರ್ಕಾರ ಇವತ್ತಿಗೂ ಚಲ್ತಿ ಎನ್ನುತ್ತದೆ,
ಪಾನ್ ಡಬ್ಬಿಯವನು ಅಲ್ಲ ಎನ್ನುತ್ತಾನೆ.
ಯಾದಗಿರಿಯಲ್ಲಿ ಪಾನ್ ಡಬ್ಬಿಯವನದೇ ನಡೆಯುವುದು.

ನನ್ನದೂ ತಪ್ಪಿದೆ.
ಸ್ಟೇಷನ್ ರೋಡಿನ ಮೆಡಿಕಲ್ಲಿನಲ್ಲಿ ಹನ್ನೊಂದು ವರ್ಷದಿಂದ
ಚಿಲ್ಲರೆಗೆ ಬದಲು ಶುಂಠಿ ಪೆಪ್ಪರಮೆಂಟು ಕೊಡುತ್ತಿದ್ದೇನೆ,
ಕೆಮ್ಮಿನವರಿಗೆ,
ಸಕ್ಕರೆ ಕಾಯಿಲೆಯ ಗುಳಿಗೆ ಒಯ್ಯುವವರಿಗೂ.

ಹುಡುಕಿದರೆ ಸಿಗುತ್ತವೆ.
ಒಂದು, ಮೋಟರಿನ ವಾಶರ್ ಆಗಿ ನಡುವೆ ತೂತು ಬಿದ್ದದ್ದು.
ಒಂದು, ಚಂದ್ರಭಾಗಮ್ಮನ ಮೀಸಲು ಗಂಟಿನಲ್ಲಿ ಅರಿಶಿಣ ಹತ್ತಿದ್ದು
(ಕೇಳಲಿಲ್ಲ, ಬರೇ ಇಸವಿ ನೋಡಿ ಕಟ್ಟಿಕೊಟ್ಟೆ).
ಇಸವಿಯ ಕೆಳಗೆ ಚುಕ್ಕೆಯಿದ್ದರೆ ನೋಯ್ಡಾ,
ಹರಳಿದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕಲಕತ್ತಾ,
ನಕ್ಷತ್ರವಿದ್ದರೆ ಹೈದರಾಬಾದು.
ನಕ್ಷತ್ರ ಕಂಡಾಗ ಸುಮ್ಮನೆ ಒಂದು ಸಲ
ಸೆರಗಿನಿಂದ ಒರೆಸಬೇಕೆನಿಸುತ್ತದೆ.
ಒರೆಸಬಾರದು. ಕೂಡಿಡುವವರ ಮೊದಲ ನೇಮ ಅದು.

ಲಾಡ್ಲೇಸಾಬ ಗುಜರಿಯವ.
ಕೀಲಿಯಿಲ್ಲದ ಬೀಗ, ಹಿಡಿಯಿಲ್ಲದ ಇಸ್ತ್ರಿ,
ಡಾಲ್ಡಾ ಡಬ್ಬಿಯ ತುಂಬ ನಿಂತುಹೋದ ರೊಕ್ಕ.
"ಆರಿಸ್ಕೊಂಡ್ರ ಒಂದಕ್ಕ ಐದ್ರುಪಾಯಿ,
ಕಣ್ಣು ಮುಚ್ಚಿ ತೊಗೊಂಡ್ರ ಮುಟಿಗಿಗೆ ಮೂವತ್ತು."
ನಾನು ಆರಿಸುವವಳು.
"ಎಂಟಾಣೆಗೆ ಐದ್ರುಪಾಯಿ ಕೊಡೋ ಶಾಣ್ಯಾಕಿ
ಈ ಊರಾಗ ನೀವೊಬ್ರೇ ನೋಡ್ರಿ ಅಕ್ಕ."

ತೊಂಬತ್ನಾಲ್ಕರ ನಕ್ಷತ್ರದ್ದೊಂದೇ ಬಾಕಿ.
ಡಬ್ಬಿ ಬೋರಲು ಹಾಕಿ ಹಾಕಿ ಮೂರು ರಂಜಾನು ಕಳೆದವು.
ಆಮೇಲೆ ಒಂದು ಮಧ್ಯಾಹ್ನ
ಯಾರೋ ಹುಡುಗ ಸುಟ್ಟ ಕೂಲರಿನ ತಾಮ್ರ ತಂದ.
ತಕ್ಕಡಿ ಎತ್ತಿದಾಗ ಎಡ ಪರಡಿಯ ಹೊಟ್ಟೆಯಡಿ
ಕೆಂಪು ಅರಗಿನಲ್ಲಿ ಅಂಟಿದ್ದೊಂದು ಮಿಂಚಿತು.
ನಾನು ನಡುರಸ್ತೆಯಲ್ಲಿ ಮೊಣಕಾಲೂರಿ
ಕತ್ತು ತಿರುವಿ ಓದಿದೆ:
ಒಂಬತ್ತು, ನಾಲ್ಕು,
ಅದರ ಕೆಳಗೆ ಸಾಸಿವೆಯಷ್ಟು ನಕ್ಷತ್ರ.

"ಅದು ಮಾರೂದಲ್ರಿ. ಪಾಸಂಗ ಅದು.
ಈ ಕಡೀ ಪರಡಿ ಹಗೂರ ಅದ.
ಅದು ತೆಗದ್ನಿ ಅಂದ್ರ ನಾ ಕಳ್ಳ ಆಗ್ತೀನಿ."

ಬದಲಿಗೆ ಅದೇ ಜಾತಿಯದು ಕೊಡುತ್ತೇನೆಂದೆ.
ಪರ್ಸಿನಿಂದ ಹರಳಿನದೊಂದು ತೆಗೆದೆ, ಮುಂಬೈಯದು,
ಹೆಚ್ಚು ಕೈ ಕಾಣದ್ದು.
ಬೀಡಿಯ ಲೈಟರಿನಿಂದ ಅರಗು ಕಾಸಿದ,
ಹಳೆಯದನ್ನು ಕಿತ್ತ, ಹೊಸದನ್ನು ಒತ್ತಿದ,
ಉಸಿರು ಹಿಡಿದು ತಕ್ಕಡಿ ಎತ್ತಿದ.

ಎಡಕ್ಕೆ, ಕೂದಲೆಳೆಯಷ್ಟು, ವಾಲಿತು.

ಮೂವತ್ತು ವರ್ಷ ಬೆರಳುಗಳು ತಿಂದ ತೂಕ
ನನ್ನದರಲ್ಲಿ ಇನ್ನೂ ಹಾಗೇ ಇತ್ತು.
ಲಾಡ್ಲೇಸಾಬ ಅದನ್ನು ಮತ್ತೆ ಕಿತ್ತು
ಅಂಗಡಿ ಮುಂದಿನ ಶಹಾಬಾದಿ ಕಲ್ಲಿಗೆ
ಮುಖ ಕೆಳಗಾಗಿ ತಿಕ್ಕಿದ. ಕರ್.
ನನ್ನ ಹಲ್ಲು ಜುಮ್ಮೆಂದವು.
ಇನ್ನೊಮ್ಮೆ. ಇನ್ನೊಮ್ಮೆ.
ಹರಳು ಹೋಯಿತು, ಇಸವಿಯೂ ಅರ್ಧ ಹೋಯಿತು.
ನಾನು ತಡೆಯಲಿಲ್ಲ.
ಮತ್ತೆ ಎತ್ತಿದ. ಮುಳ್ಳು ನಡುವೆ ನಿಂತಿತು.
"ಈಗ ಹದಿನಾರಾಣೆ," ಅಂದ.
ಹುಡುಗ ತಾಮ್ರದ ರೊಕ್ಕ ಎಣಿಸಿಕೊಂಡು ಹೋದ.

ಐದು ರೂಪಾಯಿ ಚಾಚಿದೆ.
"ಅದಲಾಬದಲಿಗೆ ರೊಕ್ಕ ಯಾತಕ್ಕ?
ನಾಳಿ ಬರೂಮುಂದ ಅವು ಶುಂಠೀವು ಎರಡು ತರ್ರಿ."

ಆಲ್ಬಮ್ಮಿನ ಖಾಲಿ ಕಿಟಕಿಯಲ್ಲಿ ಅದನ್ನು ಇಟ್ಟಿದ್ದೇನೆ,
ಸಿಂಹಗಳ ಮೇಲಿನ ಅರಗು ಸಮೇತ.
ಮರುದಿನ ಪೆಪ್ಪರಮೆಂಟು ಒಯ್ದಾಗ
ಅವನು ನಮಾಜಿಗೆ ಹೋಗಿದ್ದ.
ಕಲ್ಲಿನ ಮೇಲೆ ಮೂರು ಬೂದು ಗೆರೆ,
ಬೆರಳಾಡಿಸಿದರೆ ಬೆರಳಿಗೇ ಹತ್ತಿದವು.